ನಾಲೆಯ ಕೊನೆಯ ಹೊಲ ಮತ್ತು ಉಪಗ್ರಹದ ಕಣ್ಣು

ಮಳೆಯ ಕೃಪೆ ಅಲ್ಪವಾದ ಬಯಲುಸೀಮೆಯಲ್ಲಿ ಅಣೆಕಟ್ಟನ್ನು ಕಟ್ಟಿ ನಾಲೆಗಳನ್ನು ತೋಡಿದ ಮಾತ್ರಕ್ಕೆ ನೀರಾವರಿಯು ಸಿದ್ಧಿಸಿತೆಂದು ಭಾವಿಸಲಾಗದು. ಕೃಷ್ಣಾ ಮೇಲ್ದಂಡೆ ಯೋಜನೆಯೇ ಇದಕ್ಕೆ ನಿದರ್ಶನ. ಜೋಳ, ಶೇಂಗಾ, ಹತ್ತಿ ಮೊದಲಾದ ಮಿತ ನೀರಿನ ಬೆಳೆಗಳನ್ನು ಲಕ್ಷ್ಯದಲ್ಲಿಟ್ಟು ಇದನ್ನು ರೂಪಿಸಲಾಗಿತ್ತು. ಆದರೆ ನಾರಾಯಣಪುರ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಅಲ್ಲಿ ನೀರು ನಿಂತು ಎರೆಭೂಮಿಯು ಸವಳು-ಜವಳಾಗತೊಡಗಿದರೆ, ಕೊನೆಯ ಹೊಲಗಳಿಗೆ ನೀರು ತಲುಪುವುದೇ ದುಸ್ತರವಾಯಿತು. ಒಂದೇ ನಾಲೆಯ ಎರಡು ತುದಿಗಳಲ್ಲಿ ಒಬ್ಬನಿಗೆ ಅಜೀರ್ಣ, ಮತ್ತೊಬ್ಬನಿಗೆ ಉಪವಾಸ!

ಈ ಅಸಮತೆಯನ್ನು ದೂರು-ಪ್ರತಿದೂರುಗಳಿಂದ ನಿರ್ಣಯಿಸುವುದು ಕಷ್ಟ, ಅಳೆದು ತೋರಿಸಬೇಕಾಗುತ್ತದೆ. ಭಾರತದ ಪ್ರಥಮ ಕಾರ್ಯಾಚರಣಾ ದೂರಸಂವೇದಿ ಉಪಗ್ರಹವಾದ ಐ.ಆರ್.ಎಸ್.-1ಎ 1988ರಲ್ಲಿ ಕಕ್ಷೆಯನ್ನು ಸೇರಿದ ತರುವಾಯ ಇಂತಹ ಅಳತೆಗೆ ದೇಶೀಯ ಸಾಧನವೊಂದು ದೊರೆಯಿತು. ಕನ್ನಡ ನಾಡಿನದೇ ಆದ ಭದ್ರಾ ಅಚ್ಚುಕಟ್ಟನ್ನು ಕುರಿತು ತಿರುವೆಂಗಡಾಚಾರಿ ಮತ್ತು ಶಕ್ತಿವಡಿವೇಲ್ ಅವರು ನಡೆಸಿದ ಅಧ್ಯಯನವು 1997ರಲ್ಲಿ ಪ್ರಕಟವಾಯಿತು. ಉಪಗ್ರಹ ಚಿತ್ರಗಳನ್ನು ಬೆಳೆ ಕಟಾವು ಪ್ರಯೋಗಗಳ ಇಳುವರಿಯೊಡನೆ ಹೊಂದಿಸಿ, ಯಾವ ಭಾಗದಲ್ಲಿ ಎಷ್ಟು ಭತ್ತ ಬೆಳೆಯಿತೆಂಬುದನ್ನು ಅದರಲ್ಲಿ ಅಂದಾಜು ಮಾಡಲಾಯಿತು.

ಉಪಗ್ರಹಕ್ಕೆ ಬೆಳೆ ಕಾಣುವ ಬಗೆ ಸರಳವಾದುದು. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಹಿಂದಿರುಗಿಸುತ್ತದೆ. ಬರಿನೆಲದ ಸ್ವಭಾವ ಹಾಗಲ್ಲ. ಈ ಎರಡು ಪ್ರಮಾಣಗಳನ್ನು ಹೋಲಿಸಿದರೆ ಪೈರಿನ ಹುಲುಸು ತಿಳಿಯುತ್ತದೆ.

ಇದಕ್ಕಿಂತಲೂ ಸ್ವಾರಸ್ಯವಾದುದು ಉಷ್ಣದ ಲೆಕ್ಕ. ಬೆವರು ಆರಿದಾಗ ಮೈ ತಂಪಾಗುವಂತೆ, ನೀರುಂಡ ಪೈರು ಎಲೆಗಳ ಮೂಲಕ ಆವಿಯನ್ನು ಬಿಟ್ಟು ತಂಪಾಗಿರುತ್ತದೆ. ಬಾಯಾರಿದ ಪೈರು ಕಾಯುತ್ತದೆ. ಸೂರ್ಯನಿಂದ ದೊರೆತ ಶಕ್ತಿಯಲ್ಲಿ ನೆಲವನ್ನೂ ಗಾಳಿಯನ್ನೂ ಕಾಯಿಸಲು ವ್ಯಯವಾದುದನ್ನು ಕಳೆದರೆ, ಉಳಿದುದು ನೀರನ್ನು ಆವಿಯಾಗಿಸಿತೆಂದು ತಿಳಿಯಬೇಕು. ಈ ತತ್ತ್ವವನ್ನು ಆಧರಿಸಿ ಹಾಲೆಂಡಿನ ವಿಜ್ಞಾನಿ ಬಾಸ್ಟಿಯಾನ್ಸೆನ್ ಅವರು 1990ರ ದಶಕದಲ್ಲಿ 'ಸೆಬಾಲ್' ಎಂಬ ಗಣನಾಕ್ರಮವನ್ನು ರೂಪಿಸಿದರು. ಗದ್ದೆಯೊಂದರಿಂದ ದಿನಕ್ಕೆ 5 ಮಿಲಿಮೀಟರು ನೀರು ಆವಿಯಾಯಿತೆಂದರೆ ಹೆಕ್ಟೇರಿಗೆ 50,000 ಲೀಟರು ಹೋಯಿತೆಂದರ್ಥ. ಶಾಲಾ ಬಾಲಕನೂ ಮಾಡಬಲ್ಲ ಗುಣಾಕಾರವಿದು. ಆದರೆ ಎಷ್ಟೋ ನೀರಿನ ಜಗಳಗಳಲ್ಲಿ ಈ ಲೆಕ್ಕವೇ ಇರುವುದಿಲ್ಲ.

ಆದರೂ ಆಕಾಶದ ಕಣ್ಣನ್ನೇ ನೆಚ್ಚಿ ಕೂರುವಂತಿಲ್ಲ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳೆರಡೂ ಸೇರಿ ಒಂದೇ ಸ್ಥಳವನ್ನು 8 ದಿನಗಳಿಗೊಮ್ಮೆ ನೋಡುತ್ತವೆ. ಮುಂಗಾರಿನಲ್ಲಿ ಆ ದಿನವೇ ಮೋಡ ಕವಿದರೆ ಚಿತ್ರ ನಿರುಪಯುಕ್ತ. ರೇಡಾರ್ ಉಪಗ್ರಹವು ಮೋಡವನ್ನು ಭೇದಿಸಿ ನಿಂತ ನೀರನ್ನು ಗುರುತಿಸಬಲ್ಲುದಾದರೂ ನಾಲೆಯಲ್ಲಿ ಎಷ್ಟು ಕ್ಯೂಸೆಕ್ ಹರಿಯಿತೆಂಬುದನ್ನು ಹೇಳಲಾರದು. ಅದಕ್ಕೆ ತೂಬಿನ ಬಳಿಯ ಅಳತೆಪಟ್ಟಿ, ಮಳೆಮಾಪಕ, ಮಣ್ಣಿನ ತೇವವನ್ನು ಅಳೆಯುವ ಉಪಕರಣಗಳೇ ಬೇಕು.

ನಾರಾಯಣಪುರ ಎಡದಂಡೆಯ ಜಾಲದಲ್ಲಿ ಈ ನೆಲದ ಅಳತೆಗೆ ಹೊಸ ರೂಪ ಬಂದಿದೆ. ದೂರದಿಂದಲೇ ಹರಿವನ್ನು ಅಳೆದು ಗೇಟುಗಳನ್ನು ನಿಯಂತ್ರಿಸುವ ವ್ಯವಸ್ಥೆಯನ್ನೊಳಗೊಂಡು ಆಧುನೀಕರಣಗೊಂಡ ಈ ನಾಲೆಯನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಲೋಕಾರ್ಪಣೆ ಮಾಡಲಾಯಿತು. 10,000 ಕ್ಯೂಸೆಕ್ ಸಾಮರ್ಥ್ಯದ ಈ ನಾಲೆಯ ಅಚ್ಚುಕಟ್ಟು ಸುಮಾರು 4.5 ಲಕ್ಷ ಹೆಕ್ಟೇರು. ಇಷ್ಟು ವಿಸ್ತಾರವನ್ನು ನೀರುಗಂಟಿಗಳ ಕಾಲ್ನಡಿಗೆಯಿಂದಷ್ಟೇ ಕಾಯುವುದು ಅಸಾಧ್ಯವೆಂಬುದು ಸ್ಪಷ್ಟ. ಗೇಟು ಬಿಟ್ಟ ನೀರನ್ನೂ, ಉಪಗ್ರಹ ಕಂಡ ಆವಿಯನ್ನೂ, ಬಿದ್ದ ಮಳೆಯನ್ನೂ ಒಂದೇ ಪಟ್ಟಿಯಲ್ಲಿರಿಸಿದರೆ ಯಾವ ವಿತರಣಾ ನಾಲೆಯಲ್ಲಿ ಲೆಕ್ಕ ಕೂಡುವುದಿಲ್ಲವೆಂಬುದು ಗೋಚರಿಸುತ್ತದೆ.

ಅಲ್ಲಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಕೊನೆಯ ಭಾಗದಲ್ಲಿ ಕಾಣುವ ಹಸಿರು ನಾಲೆಯ ನೀರಿನದೋ, ಸಾಲ ಮಾಡಿ ಕೊರೆಸಿದ ಕೊಳವೆಬಾವಿಯದೋ ಎಂಬುದನ್ನು ಉಪಗ್ರಹವೂ ಗೇಟೂ ತಿಳಿಸಲಾರವು. ನೀರು ಬಳಕೆದಾರರ ಸಂಘದವರು ಬದುವಿನ ಮೇಲೆ ನಡೆದುಹೋಗಿ ಆ ಹೊಲದ ಒಡೆಯನನ್ನೇ ಕೇಳಿ ಬರೆದುಕೊಳ್ಳಬೇಕು.