ಕೊಳ್ಳುವ ಮೊದಲೇ ಮನೆಗೆ ಬರುವ ಸೋಫಾ!

ಮಳಿಗೆಯಲ್ಲಿ ಅಂದವಾಗಿ ಕಂಡ ಸೋಫಾ ಮನೆಗೆ ಬಂದಾಗ ಅರ್ಧ ಹಜಾರವನ್ನೇ ನುಂಗಿಬಿಡುತ್ತದೆ. ಹಿಂದಿರುಗಿಸಲು ಸಾಗಣೆ ವೆಚ್ಚ. ಇಟ್ಟುಕೊಂಡರೆ ಓಡಾಡಲು ಜಾಗವಿಲ್ಲ. ಇಂತಹ ಪೇಚಾಟವನ್ನು ಖರೀದಿಗೆ ಮೊದಲೇ ತಪ್ಪಿಸಲು ನೆರವಾಗುವ ತಂತ್ರಜ್ಞಾನವೇ ‘ಆಗ್ಮೆಂಟೆಡ್ ರಿಯಾಲಿಟಿ’, ಅರ್ಥಾತ್ ವರ್ಧಿತ ವಾಸ್ತವ. ಕಣ್ಣೆದುರಿನ ನೈಜ ದೃಶ್ಯದ ಮೇಲೆ ಕಂಪ್ಯೂಟರ್ ರಚಿಸಿದ ವಸ್ತುವನ್ನು ಕೂರಿಸಿ ತೋರಿಸುವುದೇ ಇದರ ತಿರುಳು.

ಈ ಹೆಸರು ಹುಟ್ಟಿದ್ದು ಪೀಠೋಪಕರಣದ ಅಂಗಡಿಯಲ್ಲಲ್ಲ, ವಿಮಾನ ಕಾರ್ಖಾನೆಯಲ್ಲಿ. ತಂತಿಗಳ ಜೋಡಣೆಯಲ್ಲಿ ತೊಡಗಿದ್ದ ಕಾರ್ಮಿಕರಿಗೆ ನಕ್ಷೆಯನ್ನು ಕಣ್ಣೆದುರೇ ಮೂಡಿಸುವ ಸಾಧನವನ್ನು 1990ರ ದಶಕದ ಆರಂಭದಲ್ಲಿ ಬೋಯಿಂಗ್‌ನ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ರೂಪಿಸತೊಡಗಿದರು. ಈ ಪದ ಬಳಕೆಗೆ ಬಂದಿದ್ದು ಆಗಲೇ.

<b>ಅಳತೆ ತಿಳಿಯುವುದು ಹೇಗೆ?</b>

ಚಿತ್ರ ತೋರಿಸುವುದು ಸುಲಭ, ಸರಿಯಾದ ಗಾತ್ರದಲ್ಲಿ ತೋರಿಸುವುದು ಕಷ್ಟ. ಸ್ವೀಡನ್ ಮೂಲದ ಐಕಿಯಾ 2013ರಲ್ಲಿ ಇದಕ್ಕೊಂದು ಸರಳ ಉಪಾಯ ಹುಡುಕಿತು. ಗ್ರಾಹಕರು ತನ್ನ ಮುದ್ರಿತ ಕ್ಯಾಟಲಾಗನ್ನು ನೆಲದ ಮೇಲಿಟ್ಟರೆ, ಆ ಪುಸ್ತಕದ ಗೊತ್ತಿರುವ ಅಳತೆಯೊಂದಿಗೆ ಹೋಲಿಸಿ ಫೋನು ಕುರ್ಚಿ-ಮೇಜುಗಳ ಗಾತ್ರವನ್ನು ನಿರ್ಧರಿಸುತ್ತಿತ್ತು.

2017ರಲ್ಲಿ ಆಪಲ್ ಸಂಸ್ಥೆಯ ಎಆರ್‌ಕಿಟ್ ಬಂದ ಮೇಲೆ ಪುಸ್ತಕದ ಅಗತ್ಯವೂ ಇಲ್ಲವಾಯಿತು. ಕ್ಯಾಮೆರಾ ಕಂಡ ನೆಲದ ಗುರುತುಗಳನ್ನೂ, ಫೋನಿನೊಳಗಿನ ಚಲನ ಸಂವೇದಕಗಳು ನೀಡುವ ಮಾಹಿತಿಯನ್ನೂ ಒಟ್ಟುಗೂಡಿಸಿ ತಂತ್ರಾಂಶವೇ ದೂರವನ್ನು ಲೆಕ್ಕ ಹಾಕುತ್ತದೆ. ಆದ್ದರಿಂದಲೇ ಬಳಕೆದಾರ ಮೊದಲು ಫೋನನ್ನು ಅತ್ತಿತ್ತ ಆಡಿಸಬೇಕಾಗುತ್ತದೆ. ಕನ್ನಡಿ, ಗಾಜು ಅಥವಾ ಗುರುತುಗಳೇ ಇಲ್ಲದ ಬರಿಯ ಬಿಳಿ ನೆಲವಿದ್ದರೆ ಈ ಲೆಕ್ಕ ತಪ್ಪುವ ಸಂಭವವಿದೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ‘ಐಕಿಯಾ ಪ್ಲೇಸ್’ ಆ್ಯಪ್‌ನ ಗಾತ್ರ ಶೇ 98ರಷ್ಟು ನಿಖರವೆಂದು ಕಂಪನಿ ಹೇಳಿಕೊಂಡಿತ್ತು. ಉಳಿದ ಶೇ 2 ಅಲ್ಪವೆನಿಸಬಹುದು. ಆದರೆ 2 ಮೀಟರ್ ಉದ್ದದ ಸೋಫಾಕ್ಕೆ ಅದು 4 ಸೆಂಟಿಮೀಟರ್. ಎರಡು ಗೋಡೆಗಳ ನಡುವೆ ಸೋಫಾ ಹಿಡಿಸದೇ ಹೋಗಲು ಅಷ್ಟೇ ಸಾಕು.

<b>ವಿನ್ಯಾಸಕಾರರಿಗೇನು ಲಾಭ?</b>

ಮರ ಅಥವಾ ಜೇಡಿಮಣ್ಣಿನಲ್ಲಿ ಮಾದರಿ ತಯಾರಿಸಲು ದಿನಗಳೂ ಹಣವೂ ಬೇಕು. ವರ್ಧಿತ ವಾಸ್ತವದಲ್ಲಾದರೆ ಬಣ್ಣ, ಹಿಡಿಕೆ, ಎತ್ತರಗಳ ಬದಲಾವಣೆಯನ್ನು ಗ್ರಾಹಕರ ಕೋಣೆಯಲ್ಲಿಯೇ ತೋರಿಸಿ ಒಪ್ಪಿಗೆ ಪಡೆಯಬಹುದು. ಮರ ಕೊಯ್ಯುವ ಮುನ್ನವೇ ತಪ್ಪು ಕಂಡುಬಂದರೆ ನಷ್ಟ ಕಡಿಮೆ.

ಆದರೆ ಕಂಪ್ಯೂಟರಿನ ವಿನ್ಯಾಸ ಕಡತವನ್ನು ಹಾಗೆಯೇ ಫೋನಿಗೆ ಹಾಕಲಾಗದು. ಕಾಣದ ತಿರುಪು, ಕೀಲುಗಳನ್ನು ತೆಗೆದು ಅದನ್ನು ಹಗುರಗೊಳಿಸಬೇಕು. ಹೊರ ಅಳತೆ ಮಾತ್ರ ಒಂದಿಷ್ಟೂ ಬದಲಾಗಬಾರದು. ಬೆರಳಿನಿಂದ ವಸ್ತುವನ್ನು ಹಿಗ್ಗಿಸುವ, ಕುಗ್ಗಿಸುವ ಸೌಲಭ್ಯವಿದ್ದರೆ ಅದಕ್ಕೂ ಬೀಗ ಹಾಕುವುದು ಲೇಸು. ಇಲ್ಲವಾದರೆ ಯಾವ ಸೋಫಾ ಯಾವ ಮನೆಗಾದರೂ ಹಿಡಿಸಿಬಿಡುತ್ತದೆ!

ಐಕಿಯಾ 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆದಿದೆ. ಕುಳಿತು ನೋಡುವ, ಬಟ್ಟೆಯನ್ನು ಮುಟ್ಟಿ ನೋಡುವ ಅವಕಾಶವಿರುವುದು ಅಂತಹ ಮಳಿಗೆಗಳಲ್ಲಿಯೇ. ಫೋನಿನ ಪರದೆ ಮೆತ್ತೆಯ ಮೃದುತ್ವವನ್ನು ಹೇಳದು. ಅದೇ ಸೋಫಾ ಲಿಫ್ಟಿನೊಳಗೆ ಹಿಡಿಸುತ್ತದೆಯೇ ಎಂಬುದನ್ನೂ ತಾನಾಗಿ ತಿಳಿಸದು. ಹಣ ಪಾವತಿಸುವ ಮುನ್ನ ಅಳತೆಪಟ್ಟಿಯನ್ನು ಒಮ್ಮೆ ಹೊರತೆಗೆಯುವುದು ಇಂದಿಗೂ ಜಾಣತನವೇ.