ಹಾಸಿಗೆಯಿಂದ ಗೋಡೆಗೆ: ಕೌದಿಯೂ ಹೊಲಿಗೆ ಮಷೀನೂ

ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಲು ಕೌದಿ, ಚಳಿಯಲ್ಲಿ ಹೊದೆಯಲು ಅದೇ ಕೌದಿ. ಕೂಸಿನ ತೊಟ್ಟಿಲಿಗೂ ಅದೇ, ಗುಳೆ ಹೋಗುವವರ ಗಂಟಿಗೂ ಅದೇ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ, ಅಂದರೆ ನಮ್ಮ ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯಲ್ಲಿ, ಕೌದಿಯ ಮೇಲೆ ಮಲಗದೆ ಬೆಳೆದವರು ಹಳೆಯ ತಲೆಮಾರಿನಲ್ಲಿ ಅಪರೂಪ. ಆದರೆ ಅದನ್ನು ಗೋಡೆಗೆ ತೂಗುಹಾಕಬೇಕೆಂದು ಯಾವ ಅಜ್ಜಿಗೂ ಹೊಳೆದಿರಲಾರದು. ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಹೊಲಿಗೆ ಕಲಿತ ಹೆಣ್ಣುಮಕ್ಕಳು ಈಗ ಕೇಳುವ ಪ್ರಶ್ನೆಯೇ ಅದು. ಮಷೀನಿನ ಮೇಲೆ ಹೂಬಳ್ಳಿ, ನವಿಲು ಬಿಡಿಸಿ, ಕೌದಿಯಂತೆ ಪದರ ಕೂಡಿಸಿ, ಗೋಡೆಗೆ ಹಾಕುವಂಥದ್ದನ್ನು ಮಾಡಬಹುದೆ? ಮಾಡಬಹುದು. ಆದರೆ ಕೌದಿಯ ದಾರಿ ಒಂದು, ಮಷೀನಿನ ದಾರಿ ಅದಕ್ಕೆ ತೀರ ವಿರುದ್ಧ. ಇದನ್ನು ತಿಳಿಯದೆ ಕೈಹಾಕಿದರೆ ನವಿಲು ಸುಕ್ಕುಗಟ್ಟುತ್ತದೆ, ಬಟ್ಟೆ ಜೋತು ಬೀಳುತ್ತದೆ.

ಮೊದಲು ಕೌದಿಯ ವಿಚಾರ. ರಾಯಚೂರು ಹತ್ತಿಯ ಮಾರುಕಟ್ಟೆಗೆ ಹೆಸರಾದ ಊರು. ಆದರೂ ಇಲ್ಲಿಯ ಕೌದಿಯೊಳಗೆ ಹತ್ತಿ ತುಂಬುವುದಿಲ್ಲ. ಹತ್ತಿ ಹೋಗುವುದು ಗಾದಿಗೆ, ಅದು ಪಿಂಜಾರರ ಕೆಲಸ. ಕೌದಿಗೆ ಬೇಕಾದದ್ದು ಉಟ್ಟು ಸವೆದ ಸೀರೆ, ಧೋತರ, ಅಂಗಿ. ಇದು ಬರೀ ಬಡತನದ ಲೆಕ್ಕವಲ್ಲ. ನೂರಾರು ಸಲ ಒಗೆದ ನೂಲಿನ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ, ಸೂಜಿಗೆ ಮೆತ್ತಗೆ ಒದಗುತ್ತದೆ. ಹೊಸ ಬಟ್ಟೆಯ ಪದರಗಳಾದರೆ ಮೊದಲ ಒಗೆತದಲ್ಲೇ ಒಂದೊಂದು ಒಂದೊಂದು ರೀತಿ ಕುಗ್ಗಿ ಜಗಳಕ್ಕೆ ಬೀಳುತ್ತವೆ.

ಪದರಗಳನ್ನು ನೆಲದ ಮೇಲೆ ಹರಡಿ, ಸುಕ್ಕು ತೀಡಿ, ಅಂಚಿನಿಂದ ಓಟದ ಹೊಲಿಗೆ ಹಾಕುತ್ತ ಸುತ್ತು ಸುತ್ತಾಗಿ ಒಳಕ್ಕೆ ಬರುವುದು ಬಲ್ಲವರ ಕ್ರಮ. ಸಾಲು ಸಾಲಿನ ನಡುವೆ ಬೆರಳಿನಷ್ಟು ಅಂತರ. ಈ ಸಾಲುಗಳು ಚೆಂದಕ್ಕೆ ಹಾಕಿದವಲ್ಲ. ಹರಿದ ಬಟ್ಟೆಗಳನ್ನು ಒಂದೇ ಬಟ್ಟೆಯಾಗಿ ಹಿಡಿದಿರುವುದು ಅವೇ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರೂ ತಮ್ಮ ಕವಂದಿಯನ್ನು ಹೀಗೆಯೇ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗೆ 'ಫೂಲ' ಎಂಬ ಮಡಿಕೆಯ ತ್ರಿಕೋನ ಇಡದಿದ್ದರೆ ಅವರಿಗೆ ಕವಂದಿ ಮುಗಿದಂತಲ್ಲ. ಆ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಇನ್ನು ಮಷೀನು. ಕೌದಿಯಲ್ಲಿ ಬಟ್ಟೆ ನೆಲದ ಮೇಲೆ ಸ್ಥಿರ, ಕೈ ಮತ್ತು ಸೂಜಿ ಓಡಾಡುತ್ತವೆ. ಮಷೀನಿನಲ್ಲಿ ಸೂಜಿ ನಿಂತಲ್ಲೇ ಏರಿಳಿಯುತ್ತದೆ, ಬಟ್ಟೆಯೇ ಓಡಾಡಬೇಕು. ಕಷ್ಟವೆಲ್ಲ ಹುಟ್ಟುವುದು ಇಲ್ಲಿಂದಲೇ. ದಪ್ಪ ಕೌದಿಯನ್ನು ಮಷೀನಿನ ತೋಳಿನ ಕೆಳಗೆ ಸುರುಳಿ ಸುತ್ತಿ ತಿರುಗಿಸುವುದು ಹಟಮಾರಿ ಎಮ್ಮೆಯನ್ನು ಸಂದಿಯಲ್ಲಿ ತಿರುಗಿಸಿದಂತೆ. ಆದ್ದರಿಂದ ಗೋಡೆಯ ಕೌದಿ ಎರಡಡಿ ಅಗಲ, ಮೂರಡಿ ಉದ್ದ ಇದ್ದರೆ ಸಾಕು. ಪದರಗಳನ್ನು ಹೊಲಿಯುವಾಗ ನಡುವಿನಿಂದ ಅಂಚಿಗೆ ಹೋಗಬೇಕು, ಅಜ್ಜಿಯ ಕ್ರಮಕ್ಕೆ ಸರಿಯಾಗಿ ಉಲ್ಟಾ. ಅಂಚಿನಿಂದ ಹೊರಟರೆ ಮಷೀನು ಮೇಲಿನ ಬಟ್ಟೆಯನ್ನು ತಳ್ಳುತ್ತ ತಳ್ಳುತ್ತ ನಡುವೆ ಗುಬ್ಬು ಎಬ್ಬಿಸುತ್ತದೆ.

ಹೂಬಳ್ಳಿಯ ಕೆಲಸಕ್ಕೆ ನಮ್ಮ ಮನೆಗಳ ಕಪ್ಪು ಬಣ್ಣದ ಕಾಲಿನ ಮಷೀನೇ ಸಾಕು. ಬಟ್ಟೆ ಒತ್ತುವ ಪಾದ ಬಿಚ್ಚಿ, ಬಟ್ಟೆ ಎಳೆಯುವ ಹಲ್ಲುಗಳನ್ನು ತಗ್ಗಿಸಿ ಅಥವಾ ತಗಡಿನಿಂದ ಮುಚ್ಚಿ, ಬಟ್ಟೆಯನ್ನು ರಿಂಗಿನಲ್ಲಿ ಬಿಗಿದು ಕೈಯಿಂದಲೇ ನಡೆಸಬೇಕು. ಹಲ್ಲು ಮುಚ್ಚಿದ ಮೇಲೆ ಹೊಲಿಗೆಯ ಉದ್ದ ಮಷೀನಿನ ಕೈಯಲ್ಲಿಲ್ಲ; ಕಾಲಿನ ವೇಗ, ಕೈಯ ಚಲನೆ ಎರಡೂ ಒಂದಕ್ಕೊಂದು ಹೊಂದಬೇಕು. ಮೇಲಿನ ದಾರ ಬಿಗಿಯಾದರೆ ಬಾಬಿನ್ ದಾರ ಚುಕ್ಕೆ ಚುಕ್ಕೆಯಾಗಿ ಮೇಲೆ ಇಣುಕುತ್ತದೆ. ಒತ್ತಾದ ಹೊಲಿಗೆ ಬಟ್ಟೆಯನ್ನು ಒಳಕ್ಕೆ ಎಳೆಯುವುದರಿಂದ ಸುತ್ತ ಎರಡು ಮೂರು ಇಂಚು ಹೆಚ್ಚು ಬಿಟ್ಟು ಕತ್ತರಿಸಿಕೊಳ್ಳಬೇಕು. ಚಿತ್ರವನ್ನು ಮೇಲಿನ ಬಟ್ಟೆಯ ಮೇಲಷ್ಟೇ ಮೊದಲು ಮುಗಿಸಿ, ಆಮೇಲೆ ಪದರ ಕೂಡಿಸುವುದು ಲೇಸು. (ಇದನ್ನೆಲ್ಲ ಕಸೂತಿ ಎಂದು ಕರೆಯುವ ರೂಢಿ ಇದೆ. ಧಾರವಾಡದ ಕಡೆಯ ನಿಜವಾದ ಕಸೂತಿ ಎಳೆ ಎಣಿಸಿ, ಗಂಟಿಲ್ಲದೆ ಹಾಕುವ ಬೇರೆಯೇ ವಿದ್ಯೆ.)

ಹೆಚ್ಚಿನವರು ಎಡವುವುದು ಇದಾದ ಮೇಲೆ. ಚಿತ್ರ ಮುಗಿಯಿತೆಂದು ಅಂಚು ಮಡಿಸಿ ತೂಗುಹಾಕಿಬಿಡುತ್ತಾರೆ. ಮಲಗಿದ ಕೌದಿಯ ಭಾರವನ್ನು ನೆಲ ಹೊರುತ್ತದೆ. ತೂಗುವ ಕೌದಿಯ ಭಾರವನ್ನೆಲ್ಲ ಅದರ ಹೊಲಿಗೆಯೇ ಹೊರಬೇಕು. ಚಿತ್ರದ ಸುತ್ತ ಖಾಲಿ ಬಿಟ್ಟ ಜಾಗದಲ್ಲಿ ಒಳಪದರ ಜಾರಿ ಕೆಳಗೆ ಹೊಟ್ಟೆ ಬರುತ್ತದೆ. ಖಾಲಿ ಜಾಗಕ್ಕೆ ಓಟದ ಹೊಲಿಗೆಯ ಸಾಲುಗಳು ಬೇಕೇ ಬೇಕು. ಇವನ್ನು ಕೈಯಿಂದ ಹಾಕುವುದೇ ಮೇಲೆಂದು ನನ್ನ ಎಣಿಕೆ. ಮಷೀನಿನ ಗೆರೆ ಎರಡು ದಾರ ಸಿಕ್ಕಿಕೊಂಡ ಬಿಗಿ ಗೆರೆ. ಕೈಯ ಸಾಲಿನಲ್ಲಿ ಬಟ್ಟೆ ಸ್ವಲ್ಪ ಉಬ್ಬಿ, ತಗ್ಗಿ, ಬೆಳಕು ಹಿಡಿಯುತ್ತದೆ. ಹಿಂಬದಿಯಲ್ಲಿ ಮೇಲ್ತುದಿಗೆ ಬಟ್ಟೆಯ ಕೊಳವೆ ಹೊಲಿದು ಕೋಲು ಪೋಣಿಸಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಎರಡು ಮೂಲೆಗೆ ಮೊಳೆ ಹೊಡೆದರೆ ನಡುವೆ ಜೋಲುತ್ತದೆ. ರಾಯಚೂರಿನ ಬಿಸಿಲು ಬೀಳುವ ಗೋಡೆಯಂತೂ ಬೇಡ, ಬಣ್ಣ ಉಳಿಯದು.

ಹಾಸಿಗೆಯ ವಸ್ತು ಗೋಡೆ ಏರಿದ್ದು ಲೋಕದಲ್ಲಿ ಹೊಸತೇನಲ್ಲ. ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ 1971ರಲ್ಲಿ ಅಮೆರಿಕದ ಹಳೆಯ ಹೊದಿಕೆಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿತು. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ಕೆಲಸದಲ್ಲಿ ಸವೆದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಅದೇ ಸಂಗ್ರಹಾಲಯ ಸೇರಿದಾಗ ಜನ ಮುಗಿಬಿದ್ದು ನೋಡಿದರು. ಮಷೀನು ಬಂದರೆ ಕೈಕಸುಬು ಕೆಟ್ಟಿತು ಎನ್ನುವವರಿಗೆ ಒಂದು ಮಾತು: ಯಂತ್ರಗಳನ್ನು ಕಟುವಾಗಿ ಟೀಕಿಸಿದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು.

ನಿಜವಾದ ಕೊರತೆ ಬಟ್ಟೆಯದು. ನೂಲಿನ ಸೀರೆ ಉಡುವವರು ಕಡಿಮೆಯಾದಂತೆ ಹಳೆಯ ನೂಲಿನ ಸೀರೆಯೂ ಕಡಿಮೆಯಾಗಿದೆ. ಪಾಲಿಯೆಸ್ಟರ್ ಸೀರೆಯ ಕೌದಿ ಬೆವರು ಹೀರದು, ಪದರ ಪದರವೂ ಜಾರುತ್ತದೆ. ಗೋಡೆಯ ಕೌದಿಗೆ ಬೆವರಿನ ಚಿಂತೆ ಇಲ್ಲವಾದ್ದರಿಂದ ಮೇಲ್ಪದರಕ್ಕೆ ಅದು ನಡೆದೀತು. ಆದರೆ ಒಳಗೆ ಎರಡು ಪದರವಾದರೂ ಒಗೆದು ಮೆತ್ತಗಾದ ನೂಲಿನ ಬಟ್ಟೆ ಇರಲಿ. ಅಜ್ಜಿಯ ಟ್ರಂಕಿನಲ್ಲಿ ಹುಡುಕಿದರೆ ಒಂದಾದರೂ ಸಿಕ್ಕೀತು.