ಸೈಕಲ್ ಯಾತ್ರೆಯ ಒಂದು ದಿನ ಮತ್ತು ಸಾಲಿನ ಕೊನೆಯ ಸವಾರ

ಕಾಡುಗೋಡಿಯಿಂದ ಕೂಡಲಸಂಗಮದವರೆಗೆ ಹಿರಿಯ ತರಗತಿಗಳ ವಿದ್ಯಾರ್ಥಿಗಳನ್ನು ಸೈಕಲ್ಲಿನ ಮೇಲೆ ಕರೆದೊಯ್ಯಬೇಕೆಂಬ ಅಪೇಕ್ಷೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಹಲವು ಸಲ ವ್ಯಕ್ತಪಡಿಸಿದ್ದಾರೆ. ಅಪೇಕ್ಷೆ ಪ್ರಶಂಸನೀಯವಾದುದೇ. ಆದರೆ ಅನುಮತಿ ಪತ್ರಕ್ಕೆ ಸಹಿ ಮಾಡಬೇಕಾದ ತಂದೆ ತಾಯಿಗಳೂ, ಮಕ್ಕಳ ಹೊಣೆಯನ್ನು ಹೊರಬೇಕಾದ ಅಧ್ಯಾಪಕರೂ ಕೇಳುವ ಪ್ರಶ್ನೆ ಒಂದೇ: ಹೊರಟವರೆಲ್ಲರೂ ಹೊತ್ತು ಮುಳುಗುವುದರೊಳಗೆ ಊರು ಸೇರುವರೆ? ಈ ಪ್ರಶ್ನೆಗೆ ಉತ್ಸಾಹದಿಂದ ಉತ್ತರ ಕೊಡಲಾಗದು, ಲೆಕ್ಕದಿಂದ ಕೊಡಬೇಕು. ಹಲವು ದಿನಗಳ ಯಾತ್ರೆಯಲ್ಲಿ ಮೊದಲ ದಿನ ಕೆಟ್ಟರೆ ಉಳಿದ ದಿನಗಳು ತಾವಾಗಿ ಕೆಡುತ್ತವೆಯಾದುದರಿಂದ, ಕಾಡುಗೋಡಿಯಿಂದ ಸಿದ್ಧಗಂಗೆಯವರೆಗಿನ ಮೊದಲ ದಿನವೊಂದನ್ನೇ ತೆಗೆದುಕೊಂಡು ಅದು ಹೇಗೆ ನಡೆಯತಕ್ಕದ್ದೆಂಬುದನ್ನು ಇಲ್ಲಿ ವಿವರಿಸಿದೆ.

ಸೈಕಲ್ಲಿನ ದೂರಪ್ರಯಾಣ ನಮ್ಮ ನಾಡಿಗೆ ಅಪರಿಚಿತವಾದುದಲ್ಲ. 2008ರಲ್ಲಿ ಬೆಂಗಳೂರಿನಿಂದ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಯಾತ್ರೆ ಕರ್ನಾಟಕ, ಕೇರಳ, ತಮಿಳುನಾಡುಗಳ ಘಟ್ಟದ ರಸ್ತೆಗಳನ್ನು ದಿನಗಟ್ಟಲೆ ಕ್ರಮಿಸಿ ಹೆಸರು ಪಡೆಯಿತು. ಫ್ರಾನ್ಸಿನಲ್ಲಿ ಹುಟ್ಟಿದ ‘ಬ್ರೆವೆ’ ಎಂಬ ಪದ್ಧತಿಯಲ್ಲಿ 200 ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಊಟ, ವಿಶ್ರಾಂತಿ, ದುರಸ್ತಿಗಳೆಲ್ಲವೂ ಆ ಅವಧಿಯೊಳಗೇ ಸೇರಿರುತ್ತವೆ. ಮೊದಲು ಬಂದವನಿಗೆ ಬಹುಮಾನವಿಲ್ಲ. ಈ ಕೊನೆಯ ಮಾತು ನಮಗೆ ಬಹಳ ಮುಖ್ಯವಾದುದು. ಇನ್ನು ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ದಿನವೂ ಐದಾರು ಮೈಲಿ ತುಳಿದು ಶಾಲೆಗೆ ಬಂದುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಮಕ್ಕಳ ಕಾಲಿಗೆ ಸೈಕಲ್ಲು ಹೊಸದಲ್ಲ. ಎಂಟು ಗಂಟೆಗಳ ಕಾಲ ಜೊತೆಯವರೊಂದಿಗೆ ಒಂದೇ ಸಾಲಿನಲ್ಲಿ ತುಳಿಯುವುದು ಹೊಸದು.

ಮಾರ್ಗ ಹೀಗಿದೆ. ಕಾಡುಗೋಡಿಯಲ್ಲಿರುವ ವೈಟ್‌ಫೀಲ್ಡ್ ರೈಲು ನಿಲ್ದಾಣದ ಬಳಿಯಿಂದ ಹೊರಟು, ಕನ್ನಮಂಗಲ ದಾಟಿ ಹೊಸಕೋಟೆ, ಅಲ್ಲಿಂದ ಸೂಲಿಬೆಲೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಡಾಬಸ್‌ಪೇಟೆ, ಕೊನೆಗೆ ಕ್ಯಾತ್ಸಂದ್ರ. ಒಟ್ಟು ಸುಮಾರು 120 ಕಿಲೋಮೀಟರು. ಬೆಂಗಳೂರು ನಗರದ ಒಳಹೊಕ್ಕು ಹೋದರೆ ದೂರ ಕಡಿಮೆಯಾದೀತು. ಆದರೆ ಆ ವಾಹನಸಂದಣಿಯಲ್ಲಿ ಮಕ್ಕಳ ಸಾಲನ್ನು ನಡೆಸುವುದು ಯಾರಿಗೂ ಸಾಧ್ಯವಿಲ್ಲ. ಈಚಿನ ವರ್ಷಗಳಲ್ಲಿ ಹೊಸಕೋಟೆ, ದೊಡ್ಡಬಳ್ಳಾಪುರಗಳ ಹೊರಗೆ ನಿರ್ಮಾಣವಾಗಿರುವ ವರ್ತುಲ ರಸ್ತೆಯ ವೇಗದ ಪಥಗಳೂ ಸೈಕಲ್ಲಿಗೆ ತಕ್ಕುವಲ್ಲ. ಊರೊಳಗಿಂದ ಹಾಯುವ ಹಳೆಯ ರಸ್ತೆಯೇ ಲೇಸು. ನೀರೂ ನೆರಳೂ ಪಂಕ್ಚರ್ ಅಂಗಡಿಯೂ ಅಲ್ಲಿಯೇ ದೊರೆಯುತ್ತವೆ.

ಈಗ ಕಾಲದ ಲೆಕ್ಕ. ಡಿಸೆಂಬರ್ ಕೊನೆಯಲ್ಲಿ ನಮ್ಮ ಭಾಗದಲ್ಲಿ ಸೂರ್ಯೋದಯ ಆರೂವರೆಯ ಸುಮಾರಿಗೆ, ಸೂರ್ಯಾಸ್ತ ಆರರ ಸುಮಾರಿಗೆ. ಬೆಳಕು ಹರಿಯುತ್ತಲೇ ಆರೂವರೆಗೆ ಹೊರಟು, ಗಂಟೆಗೆ 15 ಕಿಲೋಮೀಟರಿನಂತೆ ಸಾಗಿದರೆ ತುಳಿಯುವ ಕಾಲ ಎಂಟು ಗಂಟೆ. ಸೂಲಿಬೆಲೆಯಲ್ಲಿ ಇಪ್ಪತ್ತು ನಿಮಿಷ, ದೇವನಹಳ್ಳಿಯಲ್ಲಿ ಅರ್ಧ ಗಂಟೆ, ದೊಡ್ಡಬಳ್ಳಾಪುರದಲ್ಲಿ ಊಟಕ್ಕೆ ಒಂದು ಗಂಟೆ, ಮುಂದೆ ಹದಿನೈದು ಹದಿನೈದು ನಿಮಿಷಗಳ ಎರಡು ತಂಗುವಿಕೆ ಎಂದರೆ ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ. ಐದಕ್ಕೆ ಹತ್ತು ನಿಮಿಷವಿರುವಾಗ ಕ್ಯಾತ್ಸಂದ್ರ ಸೇರಬಹುದು. ನಮ್ಮ ಕೈಯಲ್ಲಿ ಉಳಿಯುವುದು ಒಂದು ಗಂಟೆ ಹತ್ತು ನಿಮಿಷ ಮಾತ್ರ. ತಲಾ ಇಪ್ಪತ್ತು ನಿಮಿಷದಂತೆ ಮೂರು ಪಂಕ್ಚರುಗಳಾದರೆ ಅದೂ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಹೊರಡುವ ಮುನ್ನ ಭಾಷಣ, ಹಾರ, ಛಾಯಾಚಿತ್ರಗಳಿಗೆಂದು ಮುಕ್ಕಾಲು ಗಂಟೆ ಕಳೆಯುವ ವಾಡಿಕೆಯುಳ್ಳವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿ. ಸಮಾರಂಭವನ್ನು ಹಿಂದಿನ ಸಂಜೆಯೇ ಮುಗಿಸತಕ್ಕದ್ದು.

ತಿಂಗಳನ್ನು ಡಿಸೆಂಬರ್ ಎಂದು ಆರಿಸಿರುವುದಕ್ಕೆ ಚಳಿಯೊಂದೇ ಕಾರಣವಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಪ್ರಸ್ಥಭೂಮಿಯ ಮೇಲೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ಚಳಿಗಾಲದಲ್ಲಿ ಗಾಳಿ ಬಹುತೇಕ ಮೂಡಣದ್ದು. ನಾವು ಹೋಗುವ ದಿಕ್ಕು ಒಟ್ಟಿನಲ್ಲಿ ಪಶ್ಚಿಮ. ಆದುದರಿಂದ ಡಿಸೆಂಬರಿನಲ್ಲಿ ಗಾಳಿ ಬೆನ್ನಿಗಿರುತ್ತದೆ, ಜುಲೈಯಲ್ಲಿ ಎದೆಗಿರುತ್ತದೆ. ಇದು ಸಣ್ಣ ಮಾತಲ್ಲ. ಗಾಳಿಯ ತಡೆ ವೇಗದ ವರ್ಗಕ್ಕನುಸಾರವಾಗಿ ಏರುವುದರಿಂದ, ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿಯಾಗುತ್ತದೆ. ಗಂಟೆಗೆ 18 ಕಿಲೋಮೀಟರು ಹೋಗುತ್ತಿರುವ ಹುಡುಗನಿಗೆ ಗಂಟೆಗೆ 15 ಕಿಲೋಮೀಟರಿನ ಗಾಳಿ ಎದುರಾದರೆ, ಅವನ ಮೈಗೆ ಬಡಿಯುವ ಗಾಳಿ 33 ಕಿಲೋಮೀಟರಿನದು. ಒಬ್ಬನ ಹಿಂದೆ ಒಬ್ಬನು ಹೋಗುವುದರಿಂದ ದೊರೆಯುವ ಮರೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಪಂದ್ಯದ ಸವಾರರು ಗಂಟೆಗೆ 32 ಕಿಲೋಮೀಟರಿನಲ್ಲಿ ಸಾಗುವಾಗ ಹಿಂದಿನವನಿಗೆ ಸುಮಾರು ಐದರಲ್ಲೊಂದು ಪಾಲು ಶ್ರಮ ಉಳಿಯುತ್ತದೆಂದು ಅಳೆದಿದ್ದಾರೆ. ನಮ್ಮ ಮಕ್ಕಳ ವೇಗದಲ್ಲಿ, ನಿಂತ ಗಾಳಿಯಲ್ಲಿ, ಲಾಭ ಅಷ್ಟಿರದು. ಎದುರುಗಾಳಿ ಎದ್ದಾಗ ಮಾತ್ರ ಅದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಆ ಲಾಭಕ್ಕಾಗಿ ಪಳಗದ ಮಕ್ಕಳನ್ನು ಚಕ್ರಕ್ಕೆ ಚಕ್ರ ತಾಗುವಷ್ಟು ಸಮೀಪ ಓಡಿಸಕೂಡದು. ನಡುವೆ ಒಂದು ಸೈಕಲ್ಲಿನಷ್ಟು ಅಂತರ ಇರಲೇಬೇಕು.

ಸಾಲು ಎಂದೊಡನೆ ಒಂದು ವಿಚಿತ್ರವನ್ನು ವಿವರಿಸಬೇಕಾಗುತ್ತದೆ. ಕೊನೆಯಲ್ಲಿರುವವನು ಗಾಳಿಯ ಮರೆಯಲ್ಲಿದ್ದಾನೆ, ಆದ್ದರಿಂದ ಅವನಿಗೆ ಆಯಾಸ ಕಡಿಮೆ ಎಂದು ಯಾರಾದರೂ ಭಾವಿಸಿಯಾರು. ವಾಸ್ತವದಲ್ಲಿ ಆಗುವುದು ಇದಕ್ಕೆ ವಿರುದ್ಧ. ಹದಿನಾರು ಮಂದಿಯ ಸಾಲು ಒಂದು ತಿರುವಿನಲ್ಲಿ ನಿಂತು ಮತ್ತೆ ಹೊರಡುತ್ತದೆಯೆನ್ನಿ. ಪ್ರತಿಯೊಬ್ಬನೂ ಮುಂದಿನವನು ಚಲಿಸಿದ ಅರ್ಧ ಸೆಕೆಂಡಿನ ಮೇಲೆ ತುಳಿಯತೊಡಗಿದರೆ ಹದಿನಾರನೆಯವನು ಹೊರಡುವುದು ಏಳೂವರೆ ಸೆಕೆಂಡು ತಡವಾಗಿ. ಅಷ್ಟರಲ್ಲಿ, 18 ಕಿಲೋಮೀಟರಿನ ವೇಗದಲ್ಲಿ ಮುಂದಿನವನು 37 ಮೀಟರು ಹೋಗಿರುತ್ತಾನೆ. ಆ ಅಂತರವನ್ನು ತುಂಬಲು ಕೊನೆಯವನು 22 ಕಿಲೋಮೀಟರಿನ ವೇಗದಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಉಸಿರುಗಟ್ಟಿ ತುಳಿಯಬೇಕು. ಪ್ರತಿಯೊಂದು ಉಬ್ಬು, ಪ್ರತಿಯೊಂದು ಸಂತೆಬೀದಿ, ಅಡ್ಡಬಂದ ಪ್ರತಿಯೊಂದು ಕುರಿಮಂದೆಯೂ ಅವನಿಗೆ ಇದೇ ಶಿಕ್ಷೆಯನ್ನು ವಿಧಿಸುತ್ತದೆ. ದಿನಕ್ಕೆ ಇಂಥವು ಐವತ್ತಾದರೂ ಆದಾವು. ಮುಂದಿನವನು ಹದವಾಗಿ ತುಳಿದು ಬಂದ ಹಾದಿಯನ್ನೇ ಕೊನೆಯವನು ಐವತ್ತು ಓಟಗಳಾಗಿ ಓಡಿ ಬಂದಿರುತ್ತಾನೆ.

ವಿಶ್ರಾಂತಿಯಲ್ಲಿಯೂ ಅವನಿಗೆ ಅನ್ಯಾಯವೇ. ಬಲಶಾಲಿಗಳು ಮುಂದಾಗಿ ಹೋಗಿ ಅರಳಿಕಟ್ಟೆಯ ಮೇಲೆ ಕುಳಿತು ಹಣ್ಣು ತಿಂದು ಮುಗಿಸುವ ಹೊತ್ತಿಗೆ ಈತನು ಬೆವರೊರೆಸುತ್ತ ಬರುತ್ತಾನೆ. ‘ಎಲ್ಲರೂ ಬಂದರು, ಹೊರಡೋಣ’ ಎಂಬ ಕೂಗು ಆಗಲೇ ಏಳುತ್ತದೆ! ಐದು ತಂಗುದಾಣಗಳಲ್ಲಿಯೂ ಹತ್ತು ಹತ್ತು ನಿಮಿಷ ತಡವಾಗಿ ಬಂದವನಿಗೆ ಎರಡು ಗಂಟೆ ಇಪ್ಪತ್ತು ನಿಮಿಷಗಳ ವಿಶ್ರಾಂತಿಯಲ್ಲಿ ಐವತ್ತು ನಿಮಿಷ ಇಲ್ಲವಾಗುತ್ತದೆ. ಸಂಜೆ ಅವನು ಕುಸಿದಾಗ ‘ಅವನು ದುರ್ಬಲ, ಕರೆತರಬಾರದಾಗಿತ್ತು’ ಎಂದು ನಿರ್ಣಯಿಸುತ್ತಾರೆ. ಬೆಳಿಗ್ಗೆ ಅವನನ್ನು ಸಾಲಿನ ಮೂರನೆಯ ಸ್ಥಾನದಲ್ಲಿರಿಸಿದ್ದರೆ ಅವನೂ ನಗುನಗುತ್ತ ಬರುತ್ತಿದ್ದನೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದುದರಿಂದ ಕೆಲವು ಕಟ್ಟುಪಾಡುಗಳು ಅವಶ್ಯಕ. ಎಂಟು ಮಂದಿಗಿಂತ ದೊಡ್ಡ ಸಾಲು ಬೇಡ. ಹದಿನಾರು ಮಂದಿಯಿದ್ದರೆ ಎರಡು ಸಾಲು, ನಡುವೆ ಒಂದು ಲಾರಿ ನಿರಾತಂಕವಾಗಿ ಒಳಸೇರುವಷ್ಟು ತೆರಪು. ಮುಂದಾಳು ಎಲ್ಲರಿಗಿಂತ ಬಲಿಷ್ಠನಾಗಿರಕೂಡದು. ಮಧ್ಯಮ ಶಕ್ತಿಯ, ತಾಳ್ಮೆಯುಳ್ಳ ಹುಡುಗನಿರಬೇಕು. ಶಕ್ತಿ ಕಡಿಮೆಯಿರುವವರು ಎರಡು, ಮೂರನೆಯ ಸ್ಥಾನಗಳಲ್ಲಿ ಬರಲಿ. ಎಲ್ಲರಿಗಿಂತ ಬಲಿಷ್ಠನು, ಪಂಪು ಹಾಗೂ ಸಲಕರಣೆಗಳ ಚೀಲದೊಡನೆ, ಕೊನೆಯಲ್ಲಿ ಬರಲಿ. ನಿಂತು ಹೊರಟಾಗಲೆಲ್ಲ ಕೊನೆಯವನು ‘ಬಂದೆ’ ಎಂದು ಕೂಗಿ, ಆ ಕೂಗು ಬಾಯಿಂದ ಬಾಯಿಗೆ ಮುಂದಕ್ಕೆ ಮುಟ್ಟುವವರೆಗೆ ಮುಂದಾಳು ನಡಿಗೆಯ ವೇಗವನ್ನು ಮೀರತಕ್ಕದ್ದಲ್ಲ. ವಿಶ್ರಾಂತಿಯ ಗಡಿಯಾರ ಆರಂಭವಾಗುವುದು ಕೊನೆಯ ಸವಾರ ಸೈಕಲ್ಲಿನಿಂದ ಇಳಿದಾಗ. ಅಧ್ಯಾಪಕರು ಬೇರೆಲ್ಲ ನಿಯಮಗಳನ್ನು ಮರೆತರೂ ಇದೊಂದನ್ನು ಮರೆಯದಿರಲಿ.

ವಾಹನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಮಕ್ಕಳ ಬಳಿ ಇರುವ ಸೈಕಲ್ಲುಗಳಲ್ಲಿ ಹಲವು ಗೇರಿಲ್ಲದ ಸಾಮಾನ್ಯ ಸೈಕಲ್ಲುಗಳು. ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18 ಹಲ್ಲುಗಳಿದ್ದರೆ 28 ಅಂಗುಲದ ಗಾಲಿಯ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಹೋಗುತ್ತದೆ. ಹಾಗಾದರೆ ಸಿದ್ಧಗಂಗೆಗೆ ಇಪ್ಪತ್ತೆರಡು ಸಾವಿರ ಸುತ್ತುಗಳಾದವು. ಸೀಟು ಎರಡು ಅಂಗುಲ ತಗ್ಗಾಗಿದ್ದರೂ ಮಂಡಿ ಇಪ್ಪತ್ತೆರಡು ಸಾವಿರ ಸಲ ಅಸಹಜವಾಗಿ ಮಡಿಚುತ್ತದೆಂಬುದನ್ನು ನೆನೆದರೆ, ಹೊರಡುವ ಮುನ್ನ ಸೀಟನ್ನು ಸರಿಪಡಿಸುವ ಐದು ನಿಮಿಷದ ಬೆಲೆ ತಿಳಿಯುತ್ತದೆ. ಪೆಡಲು ಕೆಳಗಿರುವಾಗ ಮಂಡಿ ಕೊಂಚವೇ ಬಾಗಿದ್ದರೆ ಸರಿ. ಯಾತ್ರೆಗೆಂದು ಹೊಸ ಸೈಕಲ್ಲು ಕೊಡಿಸಲು ಮುಂದೆ ಬರುವ ದಾನಿಗಳಲ್ಲಿ ಒಂದು ಬಿನ್ನಹ: ಹೊಸ ಗಾಲಿಯ ಕಡ್ಡಿಗಳು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸಡಿಲುತ್ತವೆ. ಹೊಸ ಸೈಕಲ್ಲು ಯಾತ್ರೆಗೆ ಎರಡು ತಿಂಗಳು ಮೊದಲೇ ಮಕ್ಕಳ ಕೈ ಸೇರಿ, ಒಮ್ಮೆ ಬಿಗಿಸಲ್ಪಟ್ಟಿರಬೇಕು. ಅದು ಸಾಧ್ಯವಾಗದಿದ್ದಲ್ಲಿ ಅದೇ ಹಣದಲ್ಲಿ ಹೆಲ್ಮೆಟ್ಟುಗಳು, ಹಿಂಬದಿಯ ಕೆಂಪು ದೀಪಗಳು, ಬಿಡಿ ಟ್ಯೂಬುಗಳು, ಎರಡು ಒಳ್ಳೆಯ ಪಂಪುಗಳು ಬಂದರೆ ಹೆಚ್ಚಿನ ಉಪಕಾರವಾದೀತು. ಪಂಕ್ಚರಾದಾಗ ದಾರಿಯಲ್ಲಿ ಟ್ಯೂಬು ಬದಲಿಸುವುದೇ ಜಾಣತನ. ಸೊಲ್ಯೂಷನ್ ಆರುವ ಮುನ್ನವೇ ಪ್ಯಾಚನ್ನು ಒತ್ತಿ, ಎರಡು ಮೈಲಿಯಾಚೆ ಮತ್ತೆ ಇಳಿದು ಕೂರುವುದಕ್ಕಿಂತ, ತೂತಾದುದನ್ನು ರಾತ್ರಿ ಸಾವಧಾನವಾಗಿ ಹಚ್ಚಬಹುದು.

ಆಹಾರದ ಲೆಕ್ಕವೂ ಕಾಲದ ಲೆಕ್ಕದಷ್ಟೇ ನಿಷ್ಠುರವಾದುದು. ಈ ವೇಗದಲ್ಲಿ ಕಿಲೋಮೀಟರಿಗೆ ಇಪ್ಪತ್ತರಿಂದ ಇಪ್ಪತ್ತೈದು ಕ್ಯಾಲೊರಿ ವೆಚ್ಚವಾಗುತ್ತದೆಂದರೆ ದಿನಕ್ಕೆ 2,400ರಿಂದ 3,000. ಸ್ನಾಯು ಹಾಗೂ ಯಕೃತ್ತುಗಳಲ್ಲಿ ಶೇಖರವಾಗಿರುವ ಸಕ್ಕರೆಯ ಅಂಶ ಪೂರ್ಣ ಬೆಳೆದ ದೇಹದಲ್ಲಿಯೂ ಎರಡು ಸಾವಿರ ಕ್ಯಾಲೊರಿಯನ್ನು ಮೀರುವುದು ಅಪರೂಪ. ಮಕ್ಕಳಲ್ಲಿ ಇನ್ನೂ ಕಡಿಮೆ. ಹಸಿವಾದ ಮೇಲೆ ತಿನ್ನುವೆನೆಂದರೆ ಹೊತ್ತು ಮೀರಿರುತ್ತದೆ. ಕಣ್ಣು ಮಂಜಾಗಿ, ಕೈ ನಡುಗಿ, ಹುಡುಗನು ರಸ್ತೆಯ ಬದಿಯಲ್ಲಿ ಕುಳಿತುಬಿಡುತ್ತಾನೆ. ಬೆಳಿಗ್ಗೆ ಉಪ್ಪಿಟ್ಟು, ದಾರಿಯಲ್ಲಿ ಗಂಟೆಗೊಮ್ಮೆ ಒಂದು ಬಾಳೆಹಣ್ಣು ಅಥವಾ ಬೆಲ್ಲದ ಕಡಲೆಕಾಯಿ ಮಿಠಾಯಿ, ಮಧ್ಯಾಹ್ನ ಮೊಸರನ್ನ, ಹಣ್ಣು. ಮುದ್ದೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ದೊಡ್ಡಬಳ್ಳಾಪುರದಲ್ಲಿ ಎರಡು ಮುದ್ದೆ ಉಂಡವನು ಮುಂದಿನ ಒಂದು ಗಂಟೆ ತುಳಿಯುವುದಿಲ್ಲ, ತೂಕಡಿಸುತ್ತಾನೆ. ನೀರು ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಾಗದಿರಲಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದು ಅಪಾಯಕರ. ಉಪ್ಪು ಬೆರೆಸಿದ ಮಜ್ಜಿಗೆಯೂ ನಿಂಬೆಯ ಪಾನಕವೂ ನಮ್ಮ ಹಿರಿಯರು ಕಂಡುಕೊಂಡ ತಕ್ಕ ಪರಿಹಾರಗಳೇ.

ಹಾದಿಯಲ್ಲಿ ಎಚ್ಚರ ವಹಿಸಬೇಕಾದ ಎಡೆಗಳು ಎರಡು. ಮೊದಲನೆಯದು ದೇವನಹಳ್ಳಿ. ಟಿಪ್ಪು ಸುಲ್ತಾನನು ಜನಿಸಿದ ಈ ಕೋಟೆಯೂರು 2008ರಲ್ಲಿ ವಿಮಾನ ನಿಲ್ದಾಣ ತೆರೆದ ಬಳಿಕ ಬಿಡುವಿಲ್ಲದ ವಾಹನಗಳ ಊರಾಗಿದೆ. ಇಲ್ಲಿ ಹೆದ್ದಾರಿ ದಾಟುವಾಗ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡೇ ದಾಟತಕ್ಕದ್ದು. ಎರಡನೆಯದು ಡಾಬಸ್‌ಪೇಟೆಯಿಂದ ಕ್ಯಾತ್ಸಂದ್ರದವರೆಗಿನ ಕೊನೆಯ ಭಾಗ. ದೊಡ್ಡಬಳ್ಳಾಪುರದ ಕಡೆಯಿಂದ ಬರುವವರಿಗೆ ಡಾಬಸ್‌ಪೇಟೆಯ ಸಮೀಪದಲ್ಲಿ ಶಿವಗಂಗೆಯ ಬೆಟ್ಟ ಕಾಣಿಸಿಕೊಳ್ಳುತ್ತದೆ. ಪೂರ್ವದಿಂದ ನೋಡಿದರೆ ನಂದಿಯಂತೆಯೂ ದಕ್ಷಿಣದಿಂದ ಲಿಂಗದಂತೆಯೂ ಕಾಣುವುದೆಂದು ಜನ ಹೇಳುವ ಬೆಟ್ಟವಿದು. ಮಕ್ಕಳಿಗೆ ಊರು ಬಂದಂತೆಯೇ ಅನಿಸುವುದು ಇಲ್ಲಿ, ಅಪಾಯವೂ ಇಲ್ಲಿಯೇ. ದಣಿವು ಹೆಚ್ಚಿರುವ ಹೊತ್ತಿನಲ್ಲಿ, ಇಳಿಬಿಸಿಲಿಗೆ ಮುಖವೊಡ್ಡಿ, ಪುಣೆಯ ಹೆದ್ದಾರಿಯ ಲಾರಿಗಳ ಪಕ್ಕದಲ್ಲಿ ತುಳಿಯಬೇಕಾಗುತ್ತದೆ. ಸರ್ವಿಸ್ ರಸ್ತೆಯಿರುವೆಡೆ ಅದನ್ನು ಬಿಡಕೂಡದು. ಹಿಂದಿನಿಂದ ಶಾಲೆಯ ಬೆಂಗಾವಲು ವಾಹನ ದೀಪ ಹೊತ್ತಿಸಿಕೊಂಡು ನಿಧಾನವಾಗಿ ಬರತಕ್ಕದ್ದು. ಡಾಬಸ್‌ಪೇಟೆಯನ್ನು ನಾಲ್ಕೂವರೆಯೊಳಗೆ ತಲಪದಿದ್ದರೆ ಅಲ್ಲಿಯೇ ಸೈಕಲ್ಲುಗಳನ್ನು ವಾಹನಕ್ಕೆ ಏರಿಸಿಬಿಡಬೇಕು. ಈ ನಿರ್ಣಯವನ್ನು ಕಾಡುಗೋಡಿಯಲ್ಲಿಯೇ, ಎಲ್ಲರ ಸಮಕ್ಷಮದಲ್ಲಿ, ಮಾಡಿಟ್ಟುಕೊಳ್ಳುವುದು ಉಚಿತ. ದಣಿದ ಹುಡುಗರೊಡನೆ ರಸ್ತೆಯ ಬದಿಯಲ್ಲಿ ವಾದಕ್ಕಿಳಿಯುವುದು ಅಸಾಧ್ಯ.

ಕ್ಯಾತ್ಸಂದ್ರದಲ್ಲಿ ತಿರುಗಿದರೆ ಸಿದ್ಧಗಂಗೆ. 1941ರಿಂದ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ತಮ್ಮ ನೂರ ಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಬೆಳೆದು ನಿಂತ ದಾಸೋಹ ಅಲ್ಲಿ ಇಂದಿಗೂ ಸಾಗಿದೆ. ಸಾವಿರಾರು ವಿದ್ಯಾರ್ಥಿಗಳು ಉಣ್ಣುವ ಆ ಪಂಕ್ತಿಯಲ್ಲಿ ನಮ್ಮ ಹದಿನಾರು ಮಂದಿ ಯಾರಿಗೂ ಭಾರವಾಗಲಾರರು. ಆದರೂ ಮುಂಚಿತವಾಗಿ ಪತ್ರ ಬರೆದು ಅಪ್ಪಣೆ ಪಡೆಯುವುದು ಕ್ರಮ. ಊಟಕ್ಕೆ ಮೊದಲು ಕಾಲು ನೀಡಿ ಕುಳಿತುಕೊಳ್ಳುವ ಆಸೆಯನ್ನು ಅರ್ಧ ಗಂಟೆ ತಡೆದು, ಸೈಕಲ್ಲುಗಳ ಬ್ರೇಕು, ಚೈನು, ಗಾಳಿಗಳನ್ನು ನೋಡಿಬಿಡುವುದು ಮೇಲು. ಊಟದ ಬಳಿಕ ಯಾರೂ ಏಳುವುದಿಲ್ಲ.

ಮರುದಿನ ದಾರಿ ಶಿರಾ, ಹಿರಿಯೂರುಗಳ ಕಡೆಗೆ, ವಾಯವ್ಯಕ್ಕೆ, ತಿರುಗುತ್ತದೆ. ಬೆನ್ನಿಗಿದ್ದ ಮೂಡಣ ಗಾಳಿ ಅಂದು ಬಲಗಡೆಯಿಂದ ಓರೆಯಾಗಿ ಬೀಸುವುದರಿಂದ, ಮರೆ ದೊರೆಯುವುದು ಮುಂದಿನವನ ನೇರ ಹಿಂದೆಯಲ್ಲ, ಕೊಂಚ ಎಡಕ್ಕೆ. ರಸ್ತೆಯ ಎಡ ಅಂಚಿನಲ್ಲಿ ಅಷ್ಟು ಜಾಗವಿರುವುದಿಲ್ಲವಾದ್ದರಿಂದ ಎಂಟರ ಸಾಲನ್ನು ನಾಲ್ಕು ನಾಲ್ಕಾಗಿ ಒಡೆದುಕೊಳ್ಳಬೇಕಾಗುತ್ತದೆ. ಗಾಳಿ ಬಿಸಿಲೇರಿದಂತೆ ಬಲಿಯುವ ಕಾರಣ ಶಿರಾವನ್ನು ಹತ್ತೂವರೆಯ ಒಳಗೆ ಸೇರುವ ಹಾಗೆ, ಬೆಳಕು ಹರಿಯುತ್ತಲೇ ಸಿದ್ಧಗಂಗೆಯನ್ನು ಬಿಡತಕ್ಕದ್ದು.